ಅಬ್ಬಲೂರ ಶಾಸನದ ಏಕಾಂತರಾಮಯ್ಯ: ಪಯಣವೂ ನಿಲುಗಡೆಯೂ

ಏಕಾಂತರಾಮಯ್ಯನ ಹೆಸರು ಕೇಳಿದೊಡನೆ ಭಕ್ತರ ಕಣ್ಣೆದುರಿಗೆ ನಿಲ್ಲುವುದು ಒಂದೇ ಚಿತ್ರ. ತನ್ನ ಕೊರಳನ್ನು ತಾನೇ ಅರಿದು ಶಿವನ ಪಾದಕ್ಕೆ ಒಪ್ಪಿಸಿದ, ಏಳು ದಿನಗಳ ಮೇಲೆ ಗಾಯದ ಕಲೆಯೂ ಇಲ್ಲದೆ ಮರಳಿ ಎದ್ದ ವೀರಭಕ್ತನ ಚಿತ್ರವದು. ಪುರಾಣ ಪ್ರವಚನಗಳಲ್ಲಿ ಈ ಪ್ರಸಂಗ ಬಂದಾಗ ಶಾಸ್ತ್ರಿಗಳ ಧ್ವನಿ ಏರುತ್ತದೆ, ಸಭೆಯಿಂದ ಜಯಕಾರ ಮೊಳಗುತ್ತದೆ, ಅಲ್ಲಿಗೆ ಆ ದಿನದ ಪುರಾಣ ಮಂಗಳವಾಗುತ್ತದೆ. ಆದರೆ ಈ ಚಿತ್ರವು ಆತನ ಚರಿತ್ರೆಯ ನಡುಭಾಗ ಮಾತ್ರವೆಂಬುದನ್ನು ನಾವು ಮರೆತಿದ್ದೇವೆ. ಅದರ ಹಿಂದೆ ದೀರ್ಘವಾದ ಒಂದು ಪಯಣವಿದೆ. ಅದರ ಮುಂದೆ ಅಷ್ಟೇ ದೀರ್ಘವಾದ ಒಂದು ನಿಲುಗಡೆಯಿದೆ. ಇವೆರಡರ ನಡುವೆ ಇಟ್ಟು ನೋಡದಿದ್ದರೆ ಆ ಶಿರಚ್ಛೇದದ ಪ್ರಸಂಗ ಬರಿಯ ಪವಾಡವಾಗಿ ಉಳಿಯುತ್ತದೆ. ಕೆಲವೊಮ್ಮೆ ಪವಾಡಕ್ಕಿಂತ ಕಡಿಮೆಯದೂ ಆಗುತ್ತದೆ.

ಈತನ ಚರಿತ್ರೆಗೆ ನಮಗಿರುವ ಮುಖ್ಯ ಆಧಾರ ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬ್ಬಲೂರಿನ ಶಿಲಾಶಾಸನ. ಕಾಲ ಸುಮಾರು ಕ್ರಿ.ಶ. 1200. ಫ್ಲೀಟ್ ಸಾಹೇಬರು ಇದನ್ನು 1898-99ರ ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಹರಿಹರನ 'ಏಕಾಂತರಾಮಿತಂದೆಯ ರಗಳೆ'ಯೂ ಹೆಚ್ಚುಕಡಿಮೆ ಇದೇ ಕಾಲದ ಆಸುಪಾಸಿನದು. ಮುಂದೆ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿ ಈ ವೃತ್ತಾಂತ ಬಸವಣ್ಣನವರ ಚರಿತ್ರೆಯೊಳಗಿನ ಒಂದು ಉಪಕಥೆಯಾಯಿತು. ಏಕಾಂತರಾಮಿತಂದೆಯ ಹೆಸರಿನಲ್ಲಿ, 'ಎನ್ನಯ್ಯ ಚೆನ್ನರಾಮ' ಎಂಬ ಅಂಕಿತದಲ್ಲಿ, ಬೆರಳೆಣಿಕೆಯ ವಚನಗಳೂ ಇವೆ. ಅವು ತತ್ತ್ವವಿಚಾರದ ವಚನಗಳಾದುದರಿಂದ ಚರಿತ್ರೆಗೆ ಅವುಗಳಿಂದ ಹೆಚ್ಚಿನ ನೆರವು ದೊರೆಯದು. ಪ್ರಸ್ತುತ ಲೇಖನದಲ್ಲಿ ಶಾಸನವನ್ನೇ ಒಂದು ಕಾವ್ಯದಂತೆ ಓದಲು ಯತ್ನಿಸಿದ್ದೇನೆ. ಪದ್ಯ ಗದ್ಯಗಳು ಬೆರೆತ ಆ ರಚನೆ ಅಂತಹ ಓದಿಗೆ ತಕ್ಕುದಾಗಿಯೂ ಇದೆ.

ಶಾಸನದ ಕಥೆ ಕೈಲಾಸದಲ್ಲಿ ಪ್ರಾರಂಭವಾಗುತ್ತದೆ. ಭೂಲೋಕದಲ್ಲಿ ಪರಸಮಯಗಳು ಪ್ರಬಲಿಸಿದುದನ್ನು ನಾರದನು ಬಿನ್ನವಿಸುತ್ತಾನೆ; ಶಿವನು ವೀರಭದ್ರನಿಗೆ ಅಂಶದಿಂದ ಹುಟ್ಟಲು ಅಪ್ಪಣೆ ಕೊಡುತ್ತಾನೆ; ಅಳಂದೆಯ ಪುರುಷೋತ್ತಮಭಟ್ಟ ಮತ್ತು ಪದ್ಮಾಂಬಿಕೆಯರಿಗೆ ರಾಮನು ಮಗನಾಗಿ ಹುಟ್ಟುತ್ತಾನೆ. ಈ ಚೌಕಟ್ಟು ನಮಗೆ ಹೊಸದಲ್ಲ. ಹರಿಹರನ ಶರಣರು ಬಹುಮಟ್ಟಿಗೆ ಕೈಲಾಸದಿಂದ ಇಳಿದು ಬಂದವರೇ. ಅಂಥವರಿಗೆ ದಾರಿ ಮೊದಲೇ ಗೊತ್ತಿರುತ್ತದೆ. ಗೋಡಚಿಯ ವೀರಭದ್ರನ ಜಾತ್ರೆಯಲ್ಲಿ, ಯಡೂರಿನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುತ್ತ ಕುಣಿಯುವುದನ್ನು ಕಂಡ ನಮ್ಮ ಭಾಗದ ಭಕ್ತರಿಗೆ ವೀರಭದ್ರನೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆತನು ಹುಟ್ಟಿದ್ದೇ ಒಂದು ಕೆಲಸಕ್ಕೆ. ದಕ್ಷನ ಯಜ್ಞಶಾಲೆಯ ಹಾದಿಯಲ್ಲಿ ಆತನು ಎಲ್ಲಿಯೂ ನಿಂತು ಯೋಚಿಸಲಿಲ್ಲ.

ಆದರೆ ಶಾಸನದ ರಾಮಯ್ಯ ಹಾಗಲ್ಲ. ವೀರಭದ್ರನ ಅಂಶನೆಂದು ಹೇಳಿದ ಶಾಸನವೇ ಮುಂದಿನ ಹೆಜ್ಜೆಯಲ್ಲಿ ಆತನನ್ನು ತೀರ್ಥಯಾತ್ರಿಕನನ್ನಾಗಿ ಮಾಡುತ್ತದೆ. ಆತನು ಶಿವಕ್ಷೇತ್ರಗಳನ್ನು ಸುತ್ತುತ್ತಾನೆ. ಕೊನೆಗೆ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಬಂದು ಸೋಮನಾಥನ ಸನ್ನಿಧಿಯಲ್ಲಿ ನಿಲ್ಲುತ್ತಾನೆ. ಅಳಂದೆಯಿಂದ ಪುಲಿಗೆರೆಗೆ ನೇರ ಗೆರೆ ಎಳೆದು ಅಳೆದರೂ 300 ಕಿಲೋಮೀಟರಿನ ಆಸುಪಾಸಾಗುತ್ತದೆ. ಭೀಮೆ ಕೃಷ್ಣೆಗಳನ್ನು ದಾಟದೆ ಆ ಹಾದಿಯಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಸುತ್ತಿ ಬಂದವನ ನಡೆ ಅದಕ್ಕಿಂತ ಬಹಳ ಹೆಚ್ಚಿನದಾಗಿರಬೇಕು. ಕೆಲಸಕ್ಕೆಂದೇ ಹುಟ್ಟಿದವನಿಗೆ ಈ ಸುತ್ತಾಟವೇಕೆ? ಅವತಾರಪುರುಷನ ಕಥೆಗೆ ಬೇಡವಾದ ಈ ವಿವರವನ್ನು ಶಾಸನಕವಿ ಬಿಡದೆ ಇಟ್ಟುಕೊಂಡದ್ದರಿಂದಲೇ ಇದು ಕಲ್ಪಿತವಲ್ಲ, ನಡೆದುದೆಂದು ನನಗೆ ತೋರುತ್ತದೆ. ಕವಿಯ ಚೌಕಟ್ಟಿಗೆ ಒಗ್ಗದ ಒಬ್ಬ ಮನುಷ್ಯ ಅಲ್ಲಿ ಇಣುಕುತ್ತಾನೆ. ಆತನಿಗೆ ನಿಷ್ಠೆಯಿದೆ, ಆ ನಿಷ್ಠೆಯನ್ನು ಎಲ್ಲಿ ಊರಬೇಕೆಂಬುದು ಇನ್ನೂ ತಿಳಿದಿಲ್ಲ.

ಆತನ ಬಿರುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಏಕಾಂತವೆಂದರೆ ಒಂಟಿತನವೆಂಬುದು ಇಂದಿನ ಬಳಕೆ. ಶಾಸನದಲ್ಲಿ ಅದು ಶಿವನೊಬ್ಬನಲ್ಲಿಯೇ ಕೊನೆಗೊಳ್ಳುವ ಭಕ್ತಿ, ಅನ್ಯವನ್ನು ಅರಿಯದ ನಿಷ್ಠೆ. ಹೀಗೆ ಒಂದರಲ್ಲಿಯೇ ನೆಟ್ಟ ಮನಸ್ಸಿನವನು ಊರೂರು ತಿರುಗಿದನೆಂಬುದೇ ಒಂದು ವಿರೋಧಾಭಾಸ. ಮನಸ್ಸು ನಿಂತಿದೆ, ಕಾಲು ನಿಂತಿಲ್ಲ. ನಮ್ಮ ವಚನಕಾರರಲ್ಲಿ ಅನೇಕರು ತೀರ್ಥಯಾತ್ರೆಯನ್ನು ಕಟುವಾಗಿ ವಿಡಂಬಿಸಿದ್ದಾರೆ. ಆದರೆ ಚರಜಂಗಮನ ನಡೆಯನ್ನು ಅವರೇ ಪೂಜ್ಯವೆಂದು ಕಂಡಿದ್ದಾರೆ. ದೇವರನ್ನು ಹುಡುಕಿ ಅಲೆಯುವುದು ಬೇರೆ, ದೇವರನ್ನು ಒಳಗಿಟ್ಟುಕೊಂಡು ನಡೆಯುವುದು ಬೇರೆ. ಪುಲಿಗೆರೆಗೆ ಬರುವವರೆಗಿನ ರಾಮಯ್ಯ ಇವೆರಡರಲ್ಲಿ ಯಾವ ಬಗೆಯವನು? ಶಾಸನ ಉತ್ತರಿಸುವುದಿಲ್ಲ. ಓದುಗನೇ ನಿಂತು ಕೇಳಿಕೊಳ್ಳಬೇಕು.

ಪುಲಿಗೆರೆಯಲ್ಲಿ ಸೋಮನಾಥನು ಆತನಿಗೆ ಕಾಣಿಸಿಕೊಂಡು ಆಜ್ಞಾಪಿಸುತ್ತಾನೆ: ಅಬ್ಬಲೂರಿಗೆ ಹೋಗು, ಅಲ್ಲಿ ನೆಲೆಸು, ಜೈನರೊಡನೆ ವಾದಿಸಿ ತಲೆಯನ್ನೇ ಪಣವಾಗಿಟ್ಟು ಗೆಲ್ಲು. ಈ ಆಜ್ಞೆಯಲ್ಲಿ ನಮ್ಮ ಪ್ರವಚನಕಾರರು ಮೂರನೆಯ ಮಾತನ್ನಷ್ಟೇ ಕೇಳಿದ್ದಾರೆ. ನನಗೆ ಎರಡನೆಯದೇ ಮುಖ್ಯ. ತಿರುಗುವವನಿಗೆ 'ನೆಲೆಸು' ಎಂಬುದಕ್ಕಿಂತ ಕಠಿಣವಾದ ಅಪ್ಪಣೆ ಮತ್ತೊಂದಿಲ್ಲ. ಅದೂ ಎಲ್ಲಿ? ಕ್ಷೇತ್ರದಲ್ಲಲ್ಲ, ತನ್ನವರು ನೆರೆದ ಊರಿನಲ್ಲೂ ಅಲ್ಲ. ತನ್ನನ್ನು ಬೇಡದ ಊರಿನಲ್ಲಿ. ತಲೆಯನ್ನು ಒಂದು ಸಲ ಕೊಟ್ಟರೆ ಮುಗಿಯಿತು. ನೆಲೆಸುವುದು ದಿನದಿನವೂ ಮಾಡಬೇಕಾದ ಕೆಲಸ.

ಇದೇ ತೆರನಾದ ಇನ್ನೊಂದು ಪ್ರಸಂಗವನ್ನು ವಾಚಕರು ಬಲ್ಲರು. ಸೊನ್ನಲಿಗೆಯ ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲದವರೆಗೆ ಹೋಗುತ್ತಾನೆ. ಕಾಣದೆ ಕಮರಿಗೆ ಹಾರಹೊರಟಾಗ ದರ್ಶನವಾಗುತ್ತದೆ. ಆದರೆ ಮಲ್ಲಯ್ಯನು ಆತನನ್ನು ಅಲ್ಲಿ ಇಟ್ಟುಕೊಳ್ಳದೆ ಊರಿಗೆ ಹಿಂದಿರುಗಿ ಕಟ್ಟುವ ಕೆಲಸದಲ್ಲಿ ತೊಡಗೆಂದು ಕಳುಹಿಸುತ್ತಾನೆ. ರಾಘವಾಂಕನು ಈ ಕಥೆಗೆ ಮನಸೋತಿದ್ದಾನೆ. ಶೂನ್ಯಸಂಪಾದನೆಯಲ್ಲಿ ಇದೇ ಸಿದ್ಧರಾಮನ ಎದುರಿಗೆ ಅಲ್ಲಮಪ್ರಭು ಬಂದು, ಕೆರೆ ದೇಗುಲಗಳ ಕಟ್ಟೋಣದಿಂದ ಆತನನ್ನು ಬಿಡಿಸಿ ಕಲ್ಯಾಣದ ಹಾದಿ ಹಿಡಿಸುತ್ತಾನೆ. ಒಮ್ಮೆ ನೆಲೆಸೆಂಬ ಆಜ್ಞೆ, ಒಮ್ಮೆ ಏಳೆಂಬ ಆಜ್ಞೆ, ಎರಡೂ ಶಿವನವೇ. ಪುಲಿಗೆರೆಯ ಸೋಮನಾಥನನ್ನು ತಂದವನೆಂದು ಪ್ರಸಿದ್ಧನಾದ ಆದಯ್ಯನಾದರೂ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದು ಪದ್ಮಾವತಿಯ ಒಲವಿನಿಂದ ನಿಂತವನು, ಮತ್ತೆ ಹಟ ತೊಟ್ಟು ಹೊರಟವನು. ರಾಮಯ್ಯನಿಗೆ ಮಾತ್ರ ಅಂತಹ ಒಲವಿನ ಆಸರೆ ಯಾವುದನ್ನೂ ಶಾಸನ ಹೇಳುವುದಿಲ್ಲ.

ಇನ್ನು ಅಬ್ಬಲೂರಿನ ಪ್ರಸಂಗ. ಬ್ರಹ್ಮೇಶ್ವರ ದೇಗುಲದಲ್ಲಿ ವಾದ ಹುಟ್ಟುತ್ತದೆ. ಜೈನರ ಮುಖಂಡ ಸಂಕಗಾವುಂಡ. ರಾಮಯ್ಯನ ತಲೆ ಮರಳಿ ಕೂಡಿದರೆ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸುವುದೆಂದು ಓಲೆ ಬರೆದುಕೊಳ್ಳುತ್ತಾರೆ. ತಲೆ ಕೂಡುತ್ತದೆ. ಅವರು ಮಾತಿಗೆ ತಪ್ಪುತ್ತಾರೆ. ರಾಮಯ್ಯನು ಬಿಂಬವನ್ನು ಒಡೆಯುತ್ತಾನೆ. ದೂರು ಬಿಜ್ಜಳನಲ್ಲಿಗೆ ಹೋಗುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರ ನಿಷ್ಠೆಗೆ ಬಿಟ್ಟದ್ದು. ನಾನು ಆ ಚರ್ಚೆಗೆ ಹೋಗುವುದಿಲ್ಲ. ಆದರೆ ಬಿಂಬ ಒಡೆದುದು ಪವಾಡವಲ್ಲ, ಮನುಷ್ಯನ ಕೆಲಸ. ಅಬ್ಬಲೂರಿನ ಸೋಮೇಶ್ವರ ದೇಗುಲದಲ್ಲಿ ಅದನ್ನು ಶಿಲ್ಪವಾಗಿಯೂ ಕೆತ್ತಿ, ಕೆಳಗೆ ಅಕ್ಷರದಲ್ಲಿ ಹೆಸರಿಸಿದ್ದಾರೆ. ಇದನ್ನು ಮುಚ್ಚಿಟ್ಟು ಓದುವುದು ಪ್ರಾಮಾಣಿಕತೆಯಲ್ಲ. ಹೆಮ್ಮೆಯಿಂದ ಓದುವುದು ಇನ್ನೂ ಕಷ್ಟ.

ಅಂಕಲಗಿಯ ಸುತ್ತಿನ ನಮ್ಮ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯಲ್ಲಿ ಲಿಂಗಾಯತ ಒಕ್ಕಲೂ ಜೈನ ಒಕ್ಕಲೂ ಬದುವಿಗೆ ಬದು ಹಚ್ಚಿ ಬೇಸಾಯ ಮಾಡಿಕೊಂಡು ಬಂದಿವೆ. ಶಾಲೆಯಲ್ಲಿ ಎರಡೂ ಮನೆಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತಿರುವಾಗ ಈ ಕಥೆಯನ್ನು ಹೇಗೆ ಹೇಳುವುದೆಂಬುದು ಉಪಾಧ್ಯಾಯನಾದವನಿಗೆ ಪಂಡಿತರ ಪ್ರಶ್ನೆಯಲ್ಲ, ಅಂದಿನ ಪಾಠದ ಪ್ರಶ್ನೆ. ಅಬ್ಬಲೂರಿನ ಶಾಸನ ಹುಟ್ಟಿದ ಅದೇ ಕಾಲದಲ್ಲಿ, 1204ರಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಬೆಳಗಾವಿಯಲ್ಲಿ ಇಂದಿಗೂ ನಿಂತಿರುವ ಕಮಲ ಬಸದಿಯನ್ನು ಕಟ್ಟಿಸಿದನು. ಒಂದೇ ನಾಡು, ಒಂದೇ ನುಡಿ; ಒಂದು ಕಡೆ ಬಸದಿ ಏಳುತ್ತಿತ್ತು, ಇನ್ನೊಂದು ಕಡೆ ಒಡೆಯುತ್ತಿತ್ತು. ಎರಡನ್ನೂ ಕೂಡಿಸಿ ಹೇಳಿದರೆ ಮಾತ್ರ ಆ ಕಾಲದ ಚಿತ್ರ ಪೂರ್ಣವಾಗುತ್ತದೆ.

ಇಲ್ಲಿ ಶಾಸನವೇ ನಮಗೆ ಒಂದು ಬೆಳಕಿಂಡಿಯನ್ನು ಬಿಟ್ಟಿದೆ. ಬಿಜ್ಜಳನ ಸಭೆಯಲ್ಲಿ ರಾಮಯ್ಯ ಓಲೆಯನ್ನು ತೋರಿಸಿ, ಬೇಕಾದರೆ ಮತ್ತೊಮ್ಮೆ ತಲೆಯೊಡ್ಡುವೆನೆಂದು ಪಂತ ಹಾಕುತ್ತಾನೆ. ಈ ಸಲ ಇನ್ನೂ ಅನೇಕ ಬಸದಿಗಳನ್ನು ಪಣಕ್ಕೆ ಕೇಳುತ್ತಾನೆ. ದೂರು ತಂದವರು ಒಪ್ಪುವುದಿಲ್ಲ. ಆಗ ಬಿಜ್ಜಳನು ನಕ್ಕು, ಇನ್ನು ನೆರೆಯವರೊಡನೆ ಸಮಾಧಾನದಿಂದ ಬಾಳಿರೆಂದು ಅವರಿಗೆ ಹೇಳಿ ಕಳುಹಿಸಿ, ರಾಮಯ್ಯನಿಗೆ ಜಯಪತ್ರವನ್ನು ಕೊಡುತ್ತಾನೆ. ವೀರನು ಎರಡನೆಯ ಪಂತಕ್ಕೂ ಸಿದ್ಧನಾಗಿದ್ದ ಗಳಿಗೆಯಲ್ಲಿ ಜಗಳವನ್ನು ಅಲ್ಲಿಗೇ ನಿಲ್ಲಿಸಿದವನು ಅರಸು. ನಮ್ಮ ಪುರಾಣಗಳು ಬಿಜ್ಜಳನನ್ನು ಶರಣದ್ರೋಹಿಯೆಂದೇ ಚಿತ್ರಿಸಿವೆ; ಅದಕ್ಕೆ ಕಾರಣಗಳೂ ಇವೆ. ಆದರೂ ಈ ಶಾಸನದಲ್ಲಿ ಎಲ್ಲರಿಗಿಂತ ಪಕ್ವವಾದ ಮಾತು ಆತನ ಬಾಯಲ್ಲಿ ಬಂದಿದೆಯೆಂಬುದನ್ನು ಒಪ್ಪದಿರಲಾಗದು. ಅದೂ ರಾಮಯ್ಯನ ಕಡೆಯವರೇ ಕೆತ್ತಿಸಿದ ಕಲ್ಲಿನಲ್ಲಿ. ಅವರು ಆ ಮಾತನ್ನು ಅಳಿಸಬಹುದಾಗಿತ್ತು; ಅಳಿಸಲಿಲ್ಲ.

ಪಂತ ಮುಗಿಯಿತು. ಮುಂದೇನು? ಪ್ರವಚನ ಇಲ್ಲಿಗೆ ನಿಲ್ಲುತ್ತದೆ, ಶಾಸನ ನಿಲ್ಲುವುದಿಲ್ಲ. ಯಾಕೆಂದರೆ ಅದು ಮೂಲತಃ ದಾನಶಾಸನ. ಹಿಂದಿನ ವೀರಕಥೆಯೆಲ್ಲ ದೇಗುಲದ ಭೂಮಿಯ ಹಕ್ಕಿಗೆ ಬರೆದ ಪೀಠಿಕೆ. ಇದನ್ನು ಮರೆತು ಅದನ್ನು ಕಂಡವರ ವರದಿಯೆಂಬಂತೆ ಓದುವುದು ಸರಿಯಲ್ಲ. ವೀರಸೋಮನಾಥನಿಗೆ ಬಿಜ್ಜಳನು ಗೋಗಾವೆಯನ್ನು ಬಿಡುತ್ತಾನೆ. ಬಿಜ್ಜಳನ ಆಳಿಕೆ 1167ರಲ್ಲಿ ಮುಗಿಯಿತು. ಕಲಚುರಿಗಳ ಬಲ ಕುಂದಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು 1184ರ ಸುಮಾರಿಗೆ ಮತ್ತೆ ತಲೆಯೆತ್ತಿದನು. ಆತನು ತನ್ನ ದಂಡನಾಯಕ ಬ್ರಹ್ಮನೊಡನೆ ಹಿಂದಿನ ಇಂದಿನ ಶಿವಭಕ್ತರ ಗುಣಗಳನ್ನು ಮಾತಾಡುತ್ತ ಕುಳಿತಿದ್ದಾಗ ರಾಮಯ್ಯನ ವಿಷಯ ಬಂದು, ಆತನನ್ನು ಕರೆಸಿ ಅಬ್ಬಲೂರನ್ನೇ ದತ್ತಿಯಾಗಿ ಕೊಡುತ್ತಾನೆ. ಆಮೇಲೆ ಹಾನಗಲ್ಲ ಕದಂಬರ ಕಾಮದೇವನು ಮಲ್ಲವಳ್ಳಿಯನ್ನು ಕೊಡುತ್ತಾನೆ. ಅರಸುಮನೆತನ ಬದಲಾಯಿತು, ರಾಜ್ಯ ಕೈಯಿಂದ ಕೈಗೆ ಹೋಯಿತು. ರಾಮಯ್ಯ ಅಬ್ಬಲೂರಿನಲ್ಲಿಯೇ ಇದ್ದನು. ಬಿಜ್ಜಳನ ಕಾಲದಿಂದ ಕಾಮದೇವನ ಕಾಲದವರೆಗೆ ಎಂದರೆ ಎರಡು ದಶಕಕ್ಕೂ ಮಿಗಿಲು. ಅಳಂದೆಯಿಂದ ಹೊರಟು ನಾಡೆಲ್ಲ ತಿರುಗಿದ ಕಾಲುಗಳು ಒಂದು ದೇಗುಲದ ಅಂಗಳದಲ್ಲಿ ಹೊಲ, ಗದ್ದೆ, ಅಂಗಭೋಗ, ಅನ್ನದಾನಗಳ ಲೆಕ್ಕದ ನಡುವೆ ಅಷ್ಟು ಕಾಲ ನಿಂತವು.

ವಚನಸಾಹಿತ್ಯದ ವಿದ್ಯಾರ್ಥಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಸ್ಥಾವರಕ್ಕೆ ಅಳಿವುಂಟೆಂದು ಬಸವಣ್ಣನವರು ಸಾರುತ್ತಿದ್ದ ಕಾಲದಲ್ಲಿ, ಜಂಗಮದಂತೆ ನಡೆದು ಬಂದ ಈ ವೀರನು ಸ್ಥಾವರವನ್ನೇ ಕಟ್ಟಿದನು. ಶಾಸನದಲ್ಲಿ ಬಸವಣ್ಣನವರ ಹೆಸರೇ ಇಲ್ಲವೆಂಬುದನ್ನು ಹಿಡಿದು ಫ್ಲೀಟರು ವೀರಶೈವದ ಉತ್ಥಾನಕ್ಕೆ ರಾಮಯ್ಯನೇ ಮೂಲಪುರುಷನೆಂದು ತರ್ಕಿಸಿದ್ದುಂಟು. ನಮ್ಮ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಕಲ್ಲು ಆ ತರ್ಕವನ್ನು ಸಡಿಲಿಸಿತು. ಸೇವುಣ ಕನ್ನರನ ಕಾಲದ, 1260ರ ಆ ಶಾಸನದಲ್ಲಿ ಬಸವಣ್ಣನವರ ಹೆಸರೂ ವಂಶದ ವಿವರವೂ ಸ್ಪಷ್ಟವಾಗಿವೆ. ಅಬ್ಬಲೂರಿನ ಮೌನದಿಂದ ಬಸವಣ್ಣನವರು ಇಲ್ಲವಾಗುವುದಿಲ್ಲ. ಆದರೆ ಆ ಮೌನಕ್ಕೂ ಅರ್ಥವಿದೆ. ದೇಗುಲವನ್ನು ನೆಚ್ಚಿದ ಶಿವಭಕ್ತಿಯೊಂದು ಕಲ್ಯಾಣದ ಹಾದಿಗೆ ಸೇರದೆ ತನ್ನಷ್ಟಕ್ಕೆ ಬಾಳುತ್ತಿತ್ತು. ಪುರಾಣಕಾರರು ಅದನ್ನು ಬಳಿಕ ತಂದು ಬಸವಚರಿತೆಗೆ ಹೆಣೆದರು. ಹೆಣೆಯುವಾಗ ವೀರನ ತಲೆ ಉಳಿಯಿತು, ಕಾಲುಗಳ ಕಥೆ ಕಳೆಯಿತು. ಹರಿಹರನ ರಗಳೆಯ ಓಟವನ್ನು ಮೆಚ್ಚದವರಾರು? ಆದರೆ ಅಂತಹ ಓಟದಲ್ಲಿ ದಾರಿಯ ಮೇಲೆ ತಡೆದು ನಿಂತವನನ್ನು ಕಾಣುವುದು ಕಷ್ಟ. ಕಲ್ಲಿನ ನಿಧಾನದ ಗದ್ಯದಲ್ಲಿ ಆತನು ಕಾಣುತ್ತಾನೆ.

ಊರೂರು ಅಲೆದು ತ್ರಿಪದಿ ಹಾಡಿದ ಸರ್ವಜ್ಞನ ಹುಟ್ಟಿನ ಕಥೆಯನ್ನೂ ಜನ ಇದೇ ಅಬ್ಬಲೂರಿಗೆ ಹೊಂದಿಸಿ ಹೇಳುವುದುಂಟು. ತಿರುಗಾಟವನ್ನು ಬಿಟ್ಟು ಬಂದವನ ಊರು, ತಿರುಗಾಟಕ್ಕೆ ಹೊರಟವನ ಊರೂ ಆಯಿತು. ಇರಲಿ. ಶಾಸನದ ಕೊನೆಯ ಭಾಗದಲ್ಲಿ ಕಾಮದೇವನು ಅಬ್ಬಲೂರಿಗೆ ತಾನೇ ಬರುತ್ತಾನೆ, ವೀರಸೋಮನಾಥನನ್ನು ಕಾಣುತ್ತಾನೆ, ಹಿಂದೆ ನಡೆದುದನ್ನೆಲ್ಲ ಕೇಳಿ ತಿಳಿಯುತ್ತಾನೆ, ರಾಮಯ್ಯನ ಪಾದ ತೊಳೆದು ಮಲ್ಲವಳ್ಳಿಯನ್ನು ಧಾರೆಯೆರೆಯುತ್ತಾನೆ. ಹಿಂದೆ ರಾಮಯ್ಯನು ಅರಸನ ಸಭೆಗೆ ನಡೆದು ಹೋಗಬೇಕಾಗಿತ್ತು. ಈಗ ಅರಸನೇ ನಡೆದು ಬಂದಿದ್ದಾನೆ.