ಗಂಟಿನ ಕಥಿ, ಬೆಲೆಯ ಮಾತು

ಗಳಗನಾಥರು (1869–1942) ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅನ್ನೋದನ್ನ ನಮ್ಮ ಭಾಷಣಕಾರರು ಯಾವಾಗಲೂ ತ್ಯಾಗದ ಕಥೆಯಾಗಿಯೇ ಹೇಳ್ತಾರ. ನನಗೆ ಈ ಓದು ಅರ್ಧ ಅನ್ನಿಸ್ತದ. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನ ಕನ್ನಡಕ್ಕೆ ತಂದ, ‘ಸದ್ಬೋಧ ಚಂದ್ರಿಕೆ’ ನಡೆಸಿದ ಈ ಹಿರಿಯರು, ಬರೆದದ್ದಕ್ಕೆ ಬೆಲೆ ಅದ ಅಂತ ಓದುಗರ ಬಾಗಿಲಿಗೇ ಹೋಗಿ ಹೇಳಿದವರು. ಗಂಟು ಹೊತ್ತದ್ದು ಕಷ್ಟ, ಖರೆ. ಬೆಲೆ ಕೇಳಿದ್ದು ಧೈರ್ಯ. ನಾವು ಕಷ್ಟಕ್ಕೆ ಕೈ ಮುಗಿದು ಧೈರ್ಯವನ್ನ ಮರೆತೀವಿ.

ಅದರ ನಷ್ಟ ಇವತ್ತಿನ ಬಿಡಿ ಬರಹಗಾರರಿಗೆ. ನಮ್ಮ ಅಂದೋಲಾದ ಕಡೆ ದರ ಕೇಳದೇ ತೊಗರಿ ಚೀಲ ಅಡತಿಗೆ ಹಾಕೋ ರೈತ ಸಿಗೋದು ಕಷ್ಟ. ಅದೇ ಮನಿ ಹುಡುಗ ಇನ್ನೂರು ಪುಟದ ಅನುವಾದ ಒಪ್ಪುವಾಗ ರೊಕ್ಕದ ಮಾತೆತ್ತಲಿಕ್ಕೆ ನಾಚತಾನ. ಕೇಳಿದರೆ, “ಸಾಹಿತ್ಯಸೇವೆಗೂ ರೊಕ್ಕ ಏನ್ರಿ?” ಅನ್ನೋರು ತಯಾರ್ ಇರ್ತಾರ.

ಕಾನೂನಿಗೆ ಈ ನಾಚಿಕೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಲೇಖಕನಿಗೆ ಸಲ್ಲಬೇಕಾದ ಹಣವನ್ನೂ ನಮೂದಿಸಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷ ಅಂತಲೇ ಲೆಕ್ಕ.

ಹಂಗಾಗಿ ಹೊಸಬರಿಗೆ ಹೇಳೋದಿಷ್ಟು: ಎಷ್ಟು, ಯಾವಾಗ, ಹಕ್ಕು ಯಾರದು ಅನ್ನೋದು ಹಾಳಿ ಮ್ಯಾಲೆ ಬಂದ ಮೇಲೆ ಪೆನ್ನು ಹಿಡೀರಿ. ಗಳಗನಾಥರ ಹೆಸರು ಹೇಳಿ ಪುಕ್ಕಟೆ ಬರೆಸೋರಿಗೆ, ಅವರು ಪುಸ್ತಕ ಹಂಚಲಿಲ್ರೀ, ಮಾರಿದರು ಅಂತ ನೆನಪು ಮಾಡ್ರಿ.