ಸತ್ತವಳ ಅಪ್ಪಣೆ ಕೇಳುವ ಸಿನಿಮಾ

ಬಾಡಿಗೆಗೆ ಹಿಡಿದ ಮನೆಯಲ್ಲಿ ದೆವ್ವವಿದೆ ಎಂದು ಗೊತ್ತಾದರೆ ಸಿನಿಮಾದ ಜನ ಒಂದೋ ಓಡಿಹೋಗುತ್ತಾರೆ, ಇಲ್ಲವೇ ಮಂತ್ರವಾದಿಯನ್ನು ಕರೆಸುತ್ತಾರೆ. 1964ರ ಮಲಯಾಳಂ ಚಿತ್ರ ‘ಭಾರ್ಗವೀ ನಿಲಯಂ’ನ ಬಡ ಸಾಹಿತಿ ಇವೆರಡನ್ನೂ ಮಾಡುವುದಿಲ್ಲ. ಬಾವಿಯಲ್ಲಿ ಸತ್ತ ಭಾರ್ಗವಿಗೆ ತಾನು ಯಾರೆಂದು ಹೇಳಿಕೊಂಡು, ಅವಳ ಮನೆಯಲ್ಲಿರಲು ಒಪ್ಪಿಗೆ ಕೇಳುತ್ತಾನೆ. ವೈಕಂ ಮುಹಮ್ಮದ್ ಬಷೀರರ ಪ್ರಸಿದ್ಧ ಸಣ್ಣಕತೆ ‘ನೀಲವೆಳಿಚ್ಚಂ’ಗೆ (ನೀಲಿ ಬೆಳಕು) ಅವರೇ ಚಿತ್ರಕತೆ ಬರೆದರು, ಛಾಯಾಗ್ರಾಹಕರಾಗಿದ್ದ ಎ. ವಿನ್ಸೆಂಟ್ ಈ ಚಿತ್ರದಿಂದ ನಿರ್ದೇಶಕರಾದರು. ಮಲಯಾಳಂನ ಮೊದಲ ದೆವ್ವದ ಚಿತ್ರವೆಂದು ಹೆಸರಾದ ಇದರ ಕಸುವೆಲ್ಲ ಆ ಒಪ್ಪಿಗೆ ಕೇಳುವ ಮರ್ಯಾದೆಯಲ್ಲಿದೆ.

ಕುಕ್ಕೆ ಸುಬ್ರಹ್ಮಣ್ಯದ ಸೀಮೆಗೆ ಈ ಮರ್ಯಾದೆ ಹೊಸದಲ್ಲ. ತಿಳಿದೋ ತಿಳಿಯದೆಯೋ ಹಾವನ್ನು ಕೊಂದ ದೋಷ ಕಳೆಯಲು ದೂರದೂರಿನವರು ಕುಕ್ಕೆಗೆ ಬಂದು, ಎರಡು ದಿನ ನಿಂತು ಸರ್ಪಸಂಸ್ಕಾರ ಮಾಡಿಸುತ್ತಾರೆ. ಮನುಷ್ಯರಿಗೆ ಮಾಡುವ ಉತ್ತರಕ್ರಿಯೆ ಇಲ್ಲಿ ಹಾವಿಗೂ ಸಲ್ಲುತ್ತದೆ. ಆಟಿ ತಿಂಗಳಲ್ಲಿ ತುಳುವರ ಮನೆಗಳಲ್ಲಿ ಕುಲೆಗಳಿಗೆ, ಎಂದರೆ ತೀರಿಹೋದವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ತೀರಿಕೊಂಡವರಿಗೆ ಸಂಬಂಧ ಹುಡುಕಿ ಕುಲೆ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರಿನ ಕಡೆಯ ಕುಟುಂಬವೊಂದು, ಮೂವತ್ತು ವರ್ಷಗಳ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತ್ತು. ಸತ್ತವರ ಋಣ ಬದುಕಿರುವವರ ಮೇಲಿದೆ ಎಂದು ನಂಬಿದ ಊರುಗಳಿವು. ಸುಳ್ಯ ದಾಟಿದರೆ ಸಿಗುವ ಕೇರಳದ ಈ ಚಿತ್ರ ನಮಗೆ ಪರಕೀಯವೆನಿಸದಿರುವುದು ಅದಕ್ಕೇ.

ಚಿತ್ರದ ಮೊದಲ ಭಾಗವನ್ನು ಸಾಹಿತಿಯ ಪಾತ್ರದ ಮಧು ಒಬ್ಬರೇ ಹೊತ್ತಿದ್ದಾರೆ. ಎದುರಿಗೆ ಯಾರೂ ಇಲ್ಲ. ಆದರೂ ಅವರ ಮಾತು ಸ್ವಗತ ಅನ್ನಿಸುವುದಿಲ್ಲ. ಮುದ್ದಿನಿಂದ ‘ಭಾರ್ಗವಿಕುಟ್ಟಿ’ ಎಂದು ಕರೆಯುತ್ತಾರೆ, ಗ್ರಾಮಫೋನಿನಲ್ಲಿ ಅವಳಿಗೆ ಹಾಡು ಕೇಳಿಸುತ್ತಾರೆ, ನಡುನಡುವೆ ಉತ್ತರಕ್ಕೆ ಕಾದವರಂತೆ ತಡೆಯುತ್ತಾರೆ. ಆ ತಡೆಯಲ್ಲೇ ಭಾರ್ಗವಿ ನಮಗೂ ಇದ್ದಾಳೆನಿಸತೊಡಗುತ್ತದೆ. ಭಯ ಮೆಲ್ಲಗೆ ಸ್ನೇಹವಾಗುವ ಈ ಭಾಗಕ್ಕೆ ಸಮನಾದದ್ದು ನಮ್ಮ ದೆವ್ವದ ಚಿತ್ರಗಳಲ್ಲಿ ಅಪರೂಪ. ಎಂ. ಎಸ್. ಬಾಬುರಾಜ್ ಅವರ ಸಂಗೀತವೂ ಬೆಚ್ಚಿಬೀಳಿಸುವ ಆತುರಕ್ಕೆ ಬೀಳದೆ ಅವಳ ಅಗಲಿಕೆಯ ನೋವನ್ನು ಹಿಡಿಯುತ್ತದೆ. ಭೀಮ್‌ಪಲಾಸ್ ರಾಗದಲ್ಲಿ ಯೇಸುದಾಸ್ ಹಾಡಿದ ಗೀತೆ, ಎಸ್. ಜಾನಕಿ ಹಾಡಿದ ಗೀತೆಗಳು ಚಿತ್ರದಾಚೆಗೂ ಬಾಳಿದವು.

ಕತೆ ಕೊಲೆಯ ಜಾಡು ಹಿಡಿದ ಮೇಲೆ ಚಿತ್ರ ಸೊರಗುತ್ತದೆ. ಬಷೀರರ ಕತೆಯಲ್ಲಿ ಭಾರ್ಗವಿಯ ಸಾವಿನ ಬಗ್ಗೆ ಊರವರು ಹೇಳುವ ಮಾತಷ್ಟೇ ಇದೆ: ಪ್ರೀತಿಸಿದವನು ಕೈಬಿಟ್ಟ, ಇವಳು ಬಾವಿಗೆ ಹಾರಿದಳು. ಸಿನಿಮಾದಲ್ಲಿ ಹಿನ್ನೋಟವೊಂದು ತೆರೆದು, ಪಕ್ಕದ ಮನೆಯ ಹಾಡುಗಾರ ಶಶಿಕುಮಾರ್ (ಪ್ರೇಮ್ ನಜೀರ್), ಭಾರ್ಗವಿ (ವಿಜಯನಿರ್ಮಲಾ), ಅವಳ ಮೇಲೆ ಕಣ್ಣಿಟ್ಟ ನಾಣುಕುಟ್ಟನ್ (ಪಿ. ಜೆ. ಆಂಟನಿ) ಬರುತ್ತಾರೆ. ನಾಣುಕುಟ್ಟನ್ ಹೆಜ್ಜೆಯಿಟ್ಟ ಕೂಡಲೇ ಕೊಲೆಗಾರ ಯಾರೆಂದು ತಿಳಿದುಬಿಡುವುದರಿಂದ ರಹಸ್ಯವೆಂಬುದು ಹೆಸರಿಗಷ್ಟೇ ಉಳಿಯುತ್ತದೆ. ಹಾಸ್ಯದ ದೃಶ್ಯಗಳು ಕಟ್ಟಿದ ಬಿಗಿಯನ್ನು ಸಡಿಲಿಸುತ್ತವೆ. ಆದರೂ ಈ ಹಿಗ್ಗಿಸುವಿಕೆಗೆ ಒಂದು ನ್ಯಾಯವಿದೆ. ಆತ್ಮಹತ್ಯೆಯೆಂದು ಊರು ಮುಗಿಸಿಬಿಟ್ಟಿದ್ದ ಹೆಣ್ಣಿನ ಸಾವು ಕೊಲೆಯೆಂದು ಬಯಲಾಗುತ್ತದೆ, ಅದನ್ನು ಒಬ್ಬ ಬರಹಗಾರ ಬರೆದಿಡುತ್ತಾನೆ. ನಮ್ಮ ‘ಆಪ್ತಮಿತ್ರ’ದಲ್ಲಿ (2004) ದೆವ್ವವೆನಿಸಿಕೊಂಡ ನಾಗವಲ್ಲಿಗೆ ಈ ಭಾಗ್ಯ ಸಿಗಲಿಲ್ಲ. ಬೊಂಬೆಯೊಂದನ್ನು ಮುಂದೊಡ್ಡಿ ಅವಳನ್ನು ಸಮಾಧಾನಪಡಿಸಿ ಸಾಗಹಾಕಿದರು. ಅವಳ ದುಃಖ, ತಾನೇ ನಾಗವಲ್ಲಿ ಎಂದುಕೊಂಡ ಇನ್ನೊಬ್ಬಳ ಕಾಯಿಲೆಯ ಲಕ್ಷಣವಾಗಿ ಮುಗಿಯಿತು.

ಬಷೀರರ ಕತೆಗೆ ಚಿತ್ರ ಸೋತದ್ದು ಇನ್ನೊಂದು ಕಡೆ. ಕತೆಯಲ್ಲಿ ಎಣ್ಣೆ ತೀರಿ ದೀಪ ಸಣ್ಣಗಾಗುತ್ತದೆ, ಸಾಹಿತಿ ಸೀಮೆಎಣ್ಣೆ ತರಲು ಹೋಗುತ್ತಾನೆ, ಮರಳಿದಾಗ ಕೋಣೆಯ ತುಂಬ ನೀಲಿ ಬೆಳಕು. ಅದೇನೆಂದು ಬಷೀರರು ಹೇಳುವುದಿಲ್ಲ. ಸ್ನೇಹಕ್ಕೆ ಸಿಕ್ಕ ಈ ಉತ್ತರದಲ್ಲೇ ಕತೆಯ ಪ್ರಾಣವಿದೆ. ಕಪ್ಪು-ಬಿಳುಪಿನ ಚಿತ್ರಕ್ಕೆ ಆ ನೀಲಿ ದಕ್ಕುವಂತಿರಲಿಲ್ಲ. ಅದೇ ಚಿತ್ರಕತೆಯನ್ನು 2023ರಲ್ಲಿ ಆಶಿಕ್ ಅಬು ಬಣ್ಣದಲ್ಲಿ ಮತ್ತೆ ತೆಗೆದರು. ನೀಲಿಯೇನೋ ಸಿಕ್ಕಿತು, ಆದರೆ ತಂತ್ರಜ್ಞಾನಕ್ಕೆ ಎಲ್ಲ ಬಣ್ಣವೂ ಸುಲಭವಾದ ಕಾಲದಲ್ಲಿ ನೀಲಿ ಬೆಳಕು ಪವಾಡವೆನಿಸುವುದು ಕಷ್ಟ.

‘ರಂಗಿತರಂಗ’, ‘ಕಾಂತಾರ’ಗಳ ನಂತರ ಕರಾವಳಿಯ ಭೂತ-ದೈವಗಳಿಗೆ ಕನ್ನಡ ಸಿನಿಮಾದಲ್ಲಿ ಬೇಡಿಕೆ ಬಂದಿದೆ. ಅಬ್ಬರ, ಕಿರುಚಾಟ ಇವೆಲ್ಲ ಸಾಕಷ್ಟಾಯಿತು. ಕುಲೆ ಮದುವೆಯಂಥ ವಸ್ತು ಎತ್ತಿಕೊಳ್ಳುವ ನಿರ್ದೇಶಕ ಮೊದಲು ‘ಭಾರ್ಗವೀ ನಿಲಯಂ’ನ ಮೊದಲ ಭಾಗವನ್ನು ನೋಡಲಿ. ಕೊಲೆಗಾರನ ಪತ್ತೆಗಿಂತ, ಸತ್ತವಳಿಗೆ ಕಿವಿಗೊಟ್ಟ ಒಬ್ಬ ಮನುಷ್ಯನ ಸೌಜನ್ಯ ದೊಡ್ಡ ಕತೆಯಾಗಬಲ್ಲದು ಎಂಬುದಕ್ಕೆ ಅಲ್ಲಿ ಪುರಾವೆಯಿದೆ.