ನಗೆ ಯಾರ ಕಿವಿಗೆ?

ಬರ್ಮಾದವನೊಬ್ಬ ಹಲ್ಲುನೋವು ತಾಳಲಾರದೆ ಗಡಿ ದಾಟಿ ಇಂಡಿಯಾದ ಹಲ್ಲಿನ ಡಾಕ್ಟರ ಹತ್ತಿರ ಬಂದನಂತೆ. 'ಯಾಕಪ್ಪಾ, ನಿಮ್ಮ ದೇಶದಲ್ಲಿ ಹಲ್ಲಿನ ಡಾಕ್ಟರು ಇಲ್ಲವೇನು?' ಅಂತ ಕೇಳಿದರೆ, 'ಇದ್ದಾರೆ ಸ್ವಾಮಿ, ಅಲ್ಲಿ ಬಾಯಿ ತೆರೆಯೋ ಹಾಗಿಲ್ಲ' ಅಂದನಂತೆ.

ಮಂಡಾಲೆಯ ಪಾ ಪಾ ಲೇ ಹೇಳುತ್ತಿದ್ದ ಜೋಕು ಇದು. ಮಂಡಾಲೆ ಅಂದರೆ ತಿಲಕರನ್ನು ಬ್ರಿಟಿಷರು ಕೂಡಿಹಾಕಿದ ಊರು ಅಂತಷ್ಟೇ ನಾವು ಶಾಲೆಯಲ್ಲಿ ಓದಿದ್ದು. ಆ ಊರಿನ ಆಟದ ಮೇಳದವರ ಸುದ್ದಿಯನ್ನು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ.

ಪಾ ಪಾ ಲೇ, ಅವನ ತಮ್ಮ ಲು ಮಾ, ದಾಯಾದಿ ಲು ಝಾ. ಈ ಮೂವರ ತಂಡವನ್ನು ಜಗತ್ತು ಕರೆದದ್ದು 'ಮುಸ್ಟಾಶ್ ಬ್ರದರ್ಸ್' ಎಂದು. ನಮ್ಮ ಮಾತಿನಲ್ಲಿ ಮೀಸೆ ಅಣ್ತಮ್ಮಂದಿರು. ಅವರು ಆಡುತ್ತಿದ್ದುದು ಆನ್ಯೆಂಟ್ ಎಂಬ ಜನಪದ ಆಟ: ಕುಣಿಯುವ ಹೆಣ್ಣು, ವಾದ್ಯ, ನಡುನಡುವೆ ನುಗ್ಗಿ ಬಂದು ಮಾತಾಡುವ ವಿದೂಷಕರು. ಮದುವೆಗೆ, ಪಗೋಡದ ಜಾತ್ರೆಗೆ ಕರೆದಲ್ಲಿ ಹೋಗಿ ಆಡುವುದು. ನಮ್ಮ ಬಯಲಾಟದಲ್ಲಿ ರಾಜನ ಪಕ್ಕದಲ್ಲೇ ನಿಂತು ರಾಜನನ್ನು ಆಡಿಕೊಳ್ಳುವ ಹಾಸ್ಯಗಾರನನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇವರು ಆಡಿಕೊಂಡ ರಾಜ ಬಣ್ಣ ಹಚ್ಚಿದವನಲ್ಲ, ಬಂದೂಕು ಹಿಡಿದವನು.

1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿಯವರ ಪಕ್ಷ ಗೆದ್ದರೂ ಸೇನೆ ಅಧಿಕಾರ ಬಿಡಲಿಲ್ಲ. 1996ರ ಜನವರಿ 4, ಬರ್ಮಾದ ಸ್ವಾತಂತ್ರ್ಯ ದಿನ. ರಂಗೂನಿನಲ್ಲಿ ಸೂ ಕಿಯವರ ಮನೆಯಂಗಳದಲ್ಲಿ ಮೀಸೆ ಅಣ್ತಮ್ಮಂದಿರ ಆಟ. ಮೊದಲು ಕಳ್ಳನನ್ನು ಕಳ್ಳ ಅಂತಿದ್ವಿ, ಈಗ ಸರ್ಕಾರಿ ನೌಕರ ಅಂತೀವಿ ಎನ್ನುವ ಧಾಟಿಯ ಮಾತುಗಳು. ಅಷ್ಟೇ. ಪಾ ಪಾ ಲೇ, ಲು ಝಾ ಇಬ್ಬರಿಗೂ ಏಳು ವರ್ಷ ಶಿಕ್ಷೆ. ಕಾಲಿಗೆ ಬೇಡಿ ಹಾಕಿ ಕಲ್ಲು ಒಡೆಸಿದರು. ಬಿಡುಗಡೆಯಾದದ್ದು 2001ರಲ್ಲಿ.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. ನಮ್ಮನ್ನು ಕಾಡುವುದು ಆಮೇಲಿನದು.

ಬಿಟ್ಟ ಮೇಲೆ ಹೊರಗೆಲ್ಲೂ ಆಡಕೂಡದು ಎಂದಾಯಿತು. ಮದುವೆ ಇಲ್ಲ, ಜಾತ್ರೆ ಇಲ್ಲ. ಉಳಿದದ್ದು 39ನೇ ಬೀದಿಯ ತಮ್ಮ ಮನೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ವಿದೇಶಿ ಪ್ರವಾಸಿಗಳ ಮುಂದೆ, ಇಂಗ್ಲಿಷಿನಲ್ಲಿ ಆಟ. ಇಂಗ್ಲಿಷ್ ಬರುತ್ತಿದ್ದ ಲು ಮಾ ಮಾತು ನಡೆಸುವುದು, ಅಣ್ಣ ಕುಣಿಯುವುದು. ಸೇನೆ ಇದನ್ನು ನೋಡಿಯೂ ನೋಡದಂತೆ ಇತ್ತು. ಅದಕ್ಕೂ ಪ್ರವಾಸಿಗಳ ಡಾಲರು ಬೇಕಿತ್ತು.

ವ್ಯಂಗ್ಯ ಅಂದರೆ ಮಾತಿನ ಚಮತ್ಕಾರ, ಅದರ ಶಕ್ತಿಯೆಲ್ಲ ಪಠ್ಯದೊಳಗೇ ಇದೆ ಎಂದು ಪಾಠ ಹೇಳುವ ವಿಮರ್ಶಕರು ಇದಕ್ಕೇನನ್ನುತ್ತಾರೆ? ಹಲ್ಲುನೋವಿನ ಜೋಕು ಇಂಗ್ಲಿಷಿನಲ್ಲೂ ಅದೇ ಜೋಕು. ಬರ್ಮೀ ಮಾತಿನಲ್ಲಿ, ಬರ್ಮೀಯರ ಮುಂದೆ ಹೇಳಿದರೆ ಕಲ್ಲು ಒಡೆಯಬೇಕು. ಇಂಗ್ಲಿಷಿನಲ್ಲಿ ಹೇಳಿದರೆ ಟಿಕೆಟ್ಟಿನ ಕಾಸು ಸಿಗುತ್ತದೆ. ಪ್ರಭುತ್ವ ಹೆದರಿದ್ದು ಜೋಕಿಗಲ್ಲ, ಅದು ಬೀಳುವ ಕಿವಿಗೆ. ನಕ್ಕ ಜರ್ಮನಿಯವನು ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾನೆ. ನಕ್ಕ ಬರ್ಮೀ ರೈತ ಬೆಳಿಗ್ಗೆ ಅದೇ ಸಿಪಾಯಿಯ ಮುಖ ನೋಡಬೇಕು, ನೋಡಿದಾಗ ಮತ್ತೆ ನಗು ಬರುತ್ತದೆ. ಆ ಎರಡನೆಯ ನಗುವೇ ಅಪಾಯದ್ದು.

ಹಾಗಂತ ಆ ಮನೆಯ ಆಟವನ್ನು ನಾವು ಶೋಕಿ ಅನ್ನುವುದಿಲ್ಲ. ಬೇರೆ ದಾರಿ ಮುಚ್ಚಿದಾಗ ಕಲೆಯನ್ನು ಉಸಿರಾಡಿಸಿದ್ದೇ ದೊಡ್ಡದು. 2007ರಲ್ಲಿ ಭಿಕ್ಷುಗಳು ಬೀದಿಗಿಳಿದಾಗ ಪಾ ಪಾ ಲೇಯನ್ನು ಮತ್ತೆ ಒಳಗೆ ಹಾಕಿದರು, ಅಂದರೆ ಅವನ ಹಲ್ಲು ಕಿತ್ತಿರಲಿಲ್ಲ. ಆದರೆ ತನ್ನ ಜನರ ಭಾಷೆಯಿಂದಲೇ ಗಡಿಪಾರಾಗಿ ನಿಂತ ಕಲಾವಿದನ ಸಂಕಟವನ್ನು ಕಾಣದೆ 'ಆಹಾ ಎಂಥ ಧೈರ್ಯ' ಅಂತ ಚಪ್ಪಾಳೆ ತಟ್ಟುವುದು ಪ್ರವಾಸಿಯ ವಿಮರ್ಶೆ. 2013ರಲ್ಲಿ ಅವನು ತೀರಿಕೊಂಡ.

ನಮ್ಮ ವಾದ ಕುಂಟುವ ಜಾಗವೊಂದಿದೆ, ಅದನ್ನೂ ಹೇಳಬೇಕು. ಜರ್ಗನಾರ್ ಎಂಬ ಇನ್ನೊಬ್ಬ ವಿದೂಷಕ, ಓದಿದ್ದು ದಂತವೈದ್ಯ, ಹೆಸರಿನ ಅರ್ಥ ಚಿಮಟ. 2008ರ ನರ್ಗಿಸ್ ಚಂಡಮಾರುತದಲ್ಲಿ ಸತ್ತವರೂ ಕಾಣೆಯಾದವರೂ ಸೇರಿ 1,38,000 ಮಂದಿ. ಸರ್ಕಾರ ಕೈಕಟ್ಟಿ ಕೂತಾಗ ಈತ ಜನರನ್ನು ಕಟ್ಟಿಕೊಂಡು ಅನ್ನ ಬಟ್ಟೆ ಹೊತ್ತು ಹೋದ. ಕಂಡದ್ದನ್ನು ಹೊರದೇಶದ ಮಾಧ್ಯಮಗಳಿಗೆ ಹೇಳಿದ. ಅದಕ್ಕೆ 59 ವರ್ಷ! ಆಮೇಲೆ 35ಕ್ಕೆ ಇಳಿಸಿದರು, 2011ರಲ್ಲಿ ಬಿಟ್ಟರು. ಹೊರಗಿನ ಕಿವಿಗೆ ಹೇಳಿದ್ದಕ್ಕೂ ಶಿಕ್ಷೆಯಾಯಿತಲ್ಲ ಎಂದು ನೀವು ಕೇಳಬಹುದು. ಆದರೆ ಆ ಮಾತು ಹೊರಗೇ ಉಳಿಯಲಿಲ್ಲ. ಹೊರದೇಶದ ಬರ್ಮೀ ರೇಡಿಯೋಗಳನ್ನು ಬರ್ಮಾದ ಊರೂರಿನಲ್ಲಿ ಕೇಳುತ್ತಿದ್ದ ಕಾಲ ಅದು.

ಇನ್ನು ಥಾಂಗ್ಯಾತ್. ಏಪ್ರಿಲ್‌ನ ಹೊಸವರ್ಷದ ಹಬ್ಬದಲ್ಲಿ ಒಬ್ಬ ಕೂಗಿ ಹೇಳಿದರೆ ಉಳಿದವರು ಡೋಲಿನ ಏಟಿಗೆ ದನಿಗೂಡಿಸಿ ಅಧಿಕಾರಸ್ಥರನ್ನು ಲೇವಡಿ ಮಾಡುವ ಪದ್ಧತಿ. 1989ರಿಂದ 2013ರವರೆಗೆ ಅದಕ್ಕೆ ನಿಷೇಧವಿತ್ತು. 2019ರಲ್ಲಿ 'ನವಿಲು ಪೀಳಿಗೆ' ಎಂಬ ಹುಡುಗ ಹುಡುಗಿಯರ ತಂಡ ಸಿಪಾಯಿ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ, ತಮ್ಮದೇ ಮಾತಿನಲ್ಲಿ, ಸೇನೆಯನ್ನು ಗೇಲಿ ಮಾಡಿತು. ಹಿಡಿದು ಒಂದು ವರ್ಷ ಸಜೆ ಕೊಟ್ಟರು. ಆಗ ಸರ್ಕಾರ ಯಾರದು? ಯಾರ ಅಂಗಳದಲ್ಲಿ ಆಡಿದ್ದಕ್ಕೆ ಪಾ ಪಾ ಲೇ ಕಲ್ಲು ಒಡೆದನೋ, ಆ ಸೂ ಕಿಯವರದೇ. ಸೇನೆಗೆ ಅದರದೇ ಅಧಿಕಾರ ಉಳಿದಿತ್ತು, ನಿಜ. ಆದರೆ ಆಕೆಯ ಸರ್ಕಾರ ಈ ಹುಡುಗರನ್ನು ಬಿಡಿಸಲಿಲ್ಲ. 2021ರ ಫೆಬ್ರವರಿ 1ರಂದು ಸೇನೆ ಆಕೆಯನ್ನೇ ಕಿತ್ತೊಗೆಯಿತು.

ಆ ಹುಡುಗರ ಮೇಲೆ ಹಾಕಿದ್ದು ದಂಡಸಂಹಿತೆಯ 505ನೇ ಕಲಂ. ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಪ್ರಾಂತ್ಯವಾಗಿತ್ತು, ಕಾನೂನಿನ ಪುಸ್ತಕ ಹೋದದ್ದು ಇಲ್ಲಿಂದಲೇ. ಹಲ್ಲುನೋವಿನವನು ಬಾಯಿ ತೆರೆಯಲು ಬಂದ ಈ ದೇಶದಲ್ಲೂ ಅದೇ 505 ಇತ್ತು. 2024ರ ಜುಲೈ 1ರಿಂದ ಅದರ ನಂಬರು 353.